ಸದಸ್ಯರೂ ಉಪಸ್ಥಿತರಿದ್ದರು

೧೩-೧-೪೭, ಸೋಮವಾರ. ಹೊನ್ನಾವರ

ಬೆಳಿಗ್ಗೆಯಿಂದ ಜಗುಲಿ ತುಂಬ ಜನ. ರೇಷನ್ ಅಕ್ಕಿಯಲ್ಲಿ ಕಲ್ಲು — ಸೆರಗಿನಲ್ಲಿ ಕಟ್ಟಿ ತಂದೇ ತೋರಿಸಿದರು. ಶರಾವತಿ ದಾಟುವ ದೋಣಿ ಸೋರುತ್ತದೆಂಬ ಅರ್ಜಿ. ಸೀಮೆಎಣ್ಣೆ. ಮಾಮೂಲು. ಸೋಮವಾರ ಇಲ್ಲಿ, ಬುಧವಾರ ಭಟ್ಕಳ, ಶುಕ್ರವಾರ ಕುಮಟೆ. ಅಸೆಂಬ್ಲಿ ಇಲ್ಲದಾಗ ಇದೇ ಚಾಕರಿ. ವಕೀಲಿ ಹಿಂದೆ ಬಿತ್ತು.

ಹಿಂದೂ ವಿವಾಹ ವಿಚ್ಛೇದನದ ಬಿಲ್ಲು ಈ ಸಲವೇ ಬರುತ್ತದಂತೆ. ದೇಶಕ್ಕಿನ್ನೂ ಸ್ವಾತಂತ್ರ್ಯವಿಲ್ಲ, ಅಷ್ಟರಲ್ಲಿ ಹೆಂಡಿರಿಗೆ ಗಂಡಂದಿರಿಂದ ಕೊಡಿಸುವ ಆತುರ! ಪಾನನಿರೋಧ ತರಲಿ, ಎರಡೂ ಕೈ ಎತ್ತುತ್ತೇನೆ. ಅಗ್ನಿಸಾಕ್ಷಿಯಾಗಿ ಕಟ್ಟಿದ್ದನ್ನು ಕೋರ್ಟಿನ ಶಿರಸ್ತೇದಾರ ಬಿಚ್ಚುವುದೆ? ವಿರೋಧಿಸುವವನೇ. ಪಕ್ಷದವರು ಮುಖ ಗಂಟು ಹಾಕಿಕೊಳ್ಳಲಿ.

ಹೆಂಗಸರಿಗೇ ಬೇಡವೆಂದು ತೋರಿಸಿದರೆ ನನ್ನ ಮಾತಿಗೆ ಬಲ. ಹೆಂಗಸರ ಸಭೆ ಮಾಡಬೇಕು. ಮನೆಯವಳೇ ಮಾತಾಡಲಿ. ಓದಲು ಬರುತ್ತದೆ. ನಾನು ಬರೆದುಕೊಡುತ್ತೇನೆ.

೧೬-೧-೪೭

ಭಾಷಣ ಮುಗಿಯಿತು. ಮನುವಿನಿಂದ ಹಿಡಿದು ರೋಮಿನ ಪತನದವರೆಗೆ. ಇವಳಿಂದ ಓದಿಸಿದೆ. ಎರಡು ಸಾಲು ಓದಿ ನಿಲ್ಲಿಸಿದಳು.

“ಇಷ್ಟು ದೊಡ್ಡ ಶಬ್ದ ಎನ್ನ ಬಾಯಲ್ಲಿ ತಿರುಗ್ತಿಲ್ಲೆ.”

“ರೂಢಿ ಮಾಡ್ಕ” ಎಂದೆ.

೧೯-೧-೪೭, ಭಾನುವಾರ

ಸಭೆ ಆಯಿತು. ಶಾಲೆಯ ಕೋಣೆ ತುಂಬಿ ಹೊರಗೂ ಹೆಂಗಸರು. ನಾನು ಕಿಟಕಿಯಾಚೆ, ಮಾಸ್ತರರ ಕುರ್ಚಿಯಲ್ಲಿ.

ಮೊದಲ ಪುಟ ಓದಿದಳು. ಗುಸುಗುಸು ಶುರುವಾಯಿತು. ಆಗ ಕಾಗದ ಮಡಚಿ ಮೇಜಿನ ಮೇಲಿಟ್ಟಳು. ಹೇಳಿದ್ದಿಷ್ಟು —

“ಇವತ್ತು ಗಂಡ ಮಾತಾಡಿಸದಿದ್ದರೂ ಆ ಮನೆಯಲ್ಲಿ ಒಂದು ಮೂಲೆ ನಮ್ಮದು. ಚಾಪೆ ಹಾಸಿ ಮಲಗಬಹುದು. ನಾಳೆ ಕೋರ್ಟಿನ ಕಾಗದ ಕೈಗೆ ಕೊಟ್ಟು ಹೊರಗೆ ಹಾಕಿದರೆ, ಆ ಕಾಗದ ಹಾಸಿಕೊಂಡು ಮಲಗಲಿಕ್ಕೆ ಆಗ್ತದಾ?”

ಒಬ್ಬಳು ಅತ್ತಳು. ಆಮೇಲೆ ಚಪ್ಪಾಳೆ... ಬಿಲ್ಲಿನ ವಿರುದ್ಧ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ನನಗೆ ಬೇಕಾದದ್ದೇ ಆಯಿತು.

ದಾರಿಯಲ್ಲಿ ಕೇಳಿದಳು — “ಆನು ಎಂತಾರು ತಪ್ಪು ಹೇಳಿದ್ನ?”

“ಇಲ್ಲೆ” ಎಂದೆ. ಚೆನ್ನಾಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ಉಳಿಯಿತು. ರೋಮ್ ಅಂತೂ ಯಾರಿಗೂ ತಲುಪಲಿಲ್ಲ.

೨೪-೧-೪೭, ಶುಕ್ರವಾರ. ಕುಮಟೆ

ವಾರಪತ್ರಿಕೆಯಲ್ಲಿ ಸಭೆಯ ವರದಿ. ‘ಶ್ರೀಮತಿ ಮಹಾದೇವಿಯವರ ಮನೋಜ್ಞ ಭಾಷಣ’. ಮೂಲೆ, ಚಾಪೆ, ಎಲ್ಲ ಅಚ್ಚಾಗಿದೆ. ಕೊನೆಗೆ ಒಂದು ಸಾಲು — ‘ಸದಸ್ಯರೂ ಉಪಸ್ಥಿತರಿದ್ದರು.’

ಉಪಸ್ಥಿತ! ಬೆಂಚು ಹೊರಿಸಿದವನು ನಾನು, ಅನುಮತಿ ತಂದವನು ನಾನು. ಬೆಂಚುಗಳೂ ಉಪಸ್ಥಿತವಿದ್ದವು, ಬರೆಯಬಹುದಿತ್ತು.

ಕೋರ್ಟಿನಲ್ಲಿ ರಮಾನಂದ ಸಿಕ್ಕಿದ. ಚುನಾವಣೆಯಲ್ಲಿ ನನ್ನೆದುರು ನಿಂತು ಸೋತ ಹುಡುಗ ವಕೀಲ. ಬಿಲ್ಲಿನ ಪರ. ಆದರೂ ಕೈಮುಗಿದು, “ಅಮ್ಮನ ಮಾತು ನಾನು ಒಪ್ಪೂದಿಲ್ಲ ಹೆಗಡೇರೆ. ಆದ್ರೆ ಹಾಗೆ ಮಾತಾಡ್ಲಿಕ್ಕೆ ನಮ್ಮಿಬ್ಬರಿಗೂ ಬರೂದಿಲ್ಲ” ಎಂದ. ನಮ್ಮಿಬ್ಬರಿಗೂ ಅಂತೆ. ಅವನಿಗೆ ಬಾರದಿರಬಹುದು.

೨೯-೧-೪೭. ಭಟ್ಕಳ

ಬಟ್ಟೆ ವ್ಯಾಪಾರಿ ಸಾಹೇಬರು ಬಂದಿದ್ದರು. ದೇಶ ಎರಡಾದರೆ ತಮ್ಮ ಗತಿಯೇನು ಎಂಬ ಪ್ರಶ್ನೆ. ಒಡೆಯುವುದಕ್ಕೆ ನಾನು ಒಪ್ಪುವವನಲ್ಲ, ಒಡೆದರೂ ನಿಮ್ಮ ಅಂಗಡಿ ಇದ್ದಲ್ಲೇ ಇರುತ್ತದೆ ಎಂದೆ. ಅರ್ಧ ತಾಸು ವಿವರಿಸಿದೆ. ಎದ್ದು ಹೋಗುವಾಗ ಕೇಳಿದರು — “ಮಹಾದೇವಿ ಬಾಯಿಯವರು ಭಟ್ಕಳಕ್ಕೆ ಯಾವಾಗ ಬರ್ತಾರೆ? ನಮ್ಮ ಮನೆಯಲ್ಲೂ ಕೇಳ್ತಿದ್ದಾರೆ.”

ಬಸ್ಸಿನಲ್ಲಿ ತಲೆನೋವು.

೩-೨-೪೭, ಸೋಮವಾರ

ಜಗುಲಿಯಲ್ಲಿ ನಾಲ್ಕೇ ಜನ. ಹಿತ್ತಿಲಕಡೆ ಮಾತು ಕೇಳಿಸಿತು. ಹೋಗಿ ನೋಡಿದರೆ ಅಲ್ಲಿ ಜಾತ್ರೆ. ಹೆಂಗಸರು, ಕೂಸುಗಳು. ಮೀನು ಮಾರುವ ಬಂಗಾರಿ ಬುಟ್ಟಿ ಬೇಲಿಯಾಚೆ ಇಟ್ಟು ಬಂದು ಕೂತಿದ್ದಾಳೆ. ಇವಳು ಒನಕೆ ಪಕ್ಕಕ್ಕಿಟ್ಟು ಕೇಳುತ್ತಿದ್ದಾಳೆ. ಬರೀ ಕೇಳುತ್ತಾಳೆ, ಅಷ್ಟೇ. ಕಾಯ್ದೆ ಗೊತ್ತಿಲ್ಲ, ಕಚೇರಿ ಗೊತ್ತಿಲ್ಲ.

ಅಂಗಡಿಯ ದುರ್ಗಪ್ಪ ಇಲ್ಲಿಯವರೆಗೆ ನನ್ನ ಹತ್ತಿರವೇ ಬರುತ್ತಿದ್ದವ. ಇಂದು ಹೆಂಡತಿಯನ್ನು ಹಿತ್ತಿಲಿಗೆ ಕಳಿಸಿ ತಾನು ಜಗುಲಿಯಲ್ಲಿ ಕೂತ. “ಎಂತ ಕೆಲಸ?” ಎಂದೆ. “ಎಂತೂ ಇಲ್ಲ ಒಡೆಯ, ನಮ್ಮನೆಯದು ಬರೂವರೆಗೆ ಕೂತಿದ್ದೆ.”

ಊಟಕ್ಕೆ ಸಾರು ಸಪ್ಪೆಯೆಂದು ರೇಗಿದೆ. ಸಪ್ಪೆ ಇರಲಿಲ್ಲ.

೭-೨-೪೭, ಶುಕ್ರವಾರ. ಕುಮಟೆ

ಗಂಡಸರು, ಹೆಂಗಸರ ಜಂಟಿ ಸಭೆ. ಮೊದಲು ನಾನು — ಗೇಣಿ ಕಾಯ್ದೆ, ಕರ್ನಾಟಕದ ಏಕೀಕರಣ, ದೇಶದ ಭವಿಷ್ಯ. ಕೆಮ್ಮು ಎದ್ದಿತು. ಒಬ್ಬರಿಂದ ಒಬ್ಬರಿಗೆ ಹಬ್ಬಿತು. ನಾನು ಕೂತೆ, ಇವಳು ನಿಂತಳು, ಕೆಮ್ಮು ನಿಂತಿತು.

ಅದೇ ಮೂಲೆ, ಅದೇ ಚಾಪೆ. ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಗಂಗೆ. ಮಿರ್ಜಾನಕ್ಕೆ ಕೊಟ್ಟವಳು. ಗಂಡ ಬೆಳಗಾವಿಯಲ್ಲಿ ಬೇರೆ ಹೆಂಗಸಿನ ಜೊತೆ ಸಂಸಾರ ಹೂಡಿದ್ದಾನೆ. ಇವಳಿಗೆ ಅಣ್ಣನ ಮನೆಯ ಕೂಳು.

“ಅಕ್ಕಾ, ಆ ಮೂಲೆನೂ ಕೊಡದಿದ್ರೆ ಎಂತ ಮಾಡವು?”

ಇವಳು ಬಾಯಿ ತೆರೆದಳು. ಹಾಗೇ ಕೂತುಬಿಟ್ಟಳು.

ನನಗೆ ಖುಷಿಯಾಯಿತು. ಬರೆದಿಡುತ್ತೇನೆ, ಯಾರು ಓದುವುದಿದೆ — ಖುಷಿಯಾಯಿತು. ವಾಪಸಾಗುವ ದೋಣಿಯಲ್ಲಿ ತಾಳ ಹಾಕಿಕೊಂಡು ಕೂತಿದ್ದೆ. ಇವಳು ದಡ ಮುಟ್ಟುವವರೆಗೂ ನೀರು ನೋಡುತ್ತಿದ್ದಳು.

೨೨-೨-೪೭

ಬ್ರಿಟಿಷರು ಬಿಟ್ಟು ಹೋಗುತ್ತಾರಂತೆ. ಲಂಡನ್ನಿನಲ್ಲಿ ಸಾರಿದ್ದಾರೆ. ಎಂಥ ಸುದ್ದಿ! ಅದರ ಬಗ್ಗೆ ದೀರ್ಘವಾಗಿ ಬರೆಯಬೇಕೆಂದು ಕುಳಿತೆ. ಬರೆಯಲು ಹೊರಟರೆ ಮನೆಯದೇ ಬರುತ್ತದೆ. ಇವಳದು ಕುಮಟೆಯ ಸಭೆಯ ನಂತರ ನನ್ನ ಹತ್ತಿರ ಹೆಚ್ಚು ಮಾತಿಲ್ಲ. ಹಿತ್ತಿಲಲ್ಲಿ ಮಾತ್ರ ಇದೆ.

ನಾಳೆ ಆಗಬೋಟು ಹತ್ತಬೇಕು, ಅಸೆಂಬ್ಲಿಗೆ. ಬೊಂಬಾಯಿ.

೧೨-೩-೪೭. ಬೊಂಬಾಯಿ

ಇಂದು ಅಸೆಂಬ್ಲಿಯಲ್ಲಿ ಬಿಲ್ಲಿನ ಮೇಲೆ ಮಾತಾಡಿದೆ. ಶಾಸ್ತ್ರ ಹೇಳಿದೆ, ಹಿಂದಿನ ಬೆಂಚಿನವರು ವೀಳ್ಯ ಮಡಚುತ್ತಿದ್ದರು. ರೋಮ್ ಹೇಳಿದೆ, ಯಾರೋ ಆಕಳಿಸಿದರು. ಮುಂದಿನ ಪುಟ ತಿರುವಲು ಹೋದ ಕೈ ನಿಂತಿತು. ಹೇಳಿಬಿಟ್ಟೆ. ಮೂಲೆ. ಚಾಪೆ. ಕೋರ್ಟಿನ ಕಾಗದ ಹಾಸಿಕೊಂಡು ಮಲಗಲಾಗುತ್ತದೆಯೇ?

ಇಡೀ ಸಭೆ ತಿರುಗಿತು! ಬಿಲ್ಲಿನ ಪರ ಇದ್ದವರೂ ಮೇಜು ಕುಟ್ಟಿದರು. ಹೊರಗೆ ಪುಣೆಯ ಸದಸ್ಯರೊಬ್ಬರು ಕೈ ಹಿಡಿದುಕೊಂಡರು — ಆ ಮಾತು ಎಲ್ಲಿಂದ ತಂದಿರಿ?

“ಹೊಳೀತು” ಎಂದೆ.

ಹೊಳೆಯಿತು... ಹೌದು, ಕಿಟಕಿಯಾಚೆ ಕೂತಾಗ ಕಿವಿಗೆ ಬಿದ್ದರೂ ಹೊಳೆದಂತೆಯೇ. ಬರೆದುಕೊಟ್ಟವನೇ ನಾನು. ನಾನಿಲ್ಲದಿದ್ದರೆ ಅವಳು ನಿಲ್ಲುತ್ತಿದ್ದಳೇ?

ಬಿಲ್ಲು ಹೇಗೂ ಪಾಸಾಗುತ್ತದೆ. ಅವರ ಕಡೆ ಕೈಗಳು ಹೆಚ್ಚು.

೬-೪-೪೭, ಭಾನುವಾರ. ಹೊನ್ನಾವರ

ಬಂದೆ. ಇಂಗ್ಲಿಷ್ ಪತ್ರಿಕೆಯಲ್ಲಿ ನನ್ನ ಭಾಷಣ ಬಂದಿದೆ, ಹೆಸರು ಸಹಿತ. ಚಹ ಕುಡಿಯುತ್ತ ಇವಳಿಗೆ ಕನ್ನಡದಲ್ಲಿ ಹೇಳಿದೆ. ಮೂಲೆಯ ಹತ್ತಿರ ಬಂದಾಗ ದನಿ ತಗ್ಗಿತು. ಕೋಪ ಮಾಡುತ್ತಾಳೆಂದುಕೊಂಡಿದ್ದೆ. ಮಾಡಲಿ ಎಂದೂ ಇತ್ತು.

ಆಶ್ಚರ್ಯದಿಂದ ನೋಡಿದಳು. “ನಿಂಗ ಬೊಂಬಾಯಿಗೆ ಹೋಗಿ ಅದನ್ನೇ ಹೇಳಿಕ್ಕಿ ಬಂದ್ರ? ಆ ಮಾತು ಆನು ಬಿಟ್ಟಾಯ್ದು.”

“ಎಂತಕ್ಕೆ?”

“ಅದು ಸುಳ್ಳು ಹೇಳಿ ಗೊತ್ತಾತು.”

ನಾನು ಹಡಗು ಹತ್ತಿದ ಮರುವಾರ ಗಂಗೆಯನ್ನು ಕರೆದುಕೊಂಡು ಮಿರ್ಜಾನಕ್ಕೆ ಹೋಗಿದ್ದಳಂತೆ. ಗಂಗೆಯ ಅತ್ತೆಯ ಹತ್ತಿರ ಆ ಮೂಲೆ ಕೇಳಲಿಕ್ಕೆ. ಅತ್ತೆ ಅಂಗಳದಲ್ಲೇ ನಿಲ್ಲಿಸಿದಳಂತೆ. ನೀರೂ ಕೊಡಲಿಲ್ಲ.

“ಕೋಣೆ ಇದ್ದು. ಬೀಗ ಹಾಕಿದ್ದು. ಒಳಗೆ ತೆಂಗಿನಕಾಯಿ ರಾಶಿ. ಗಂಗೆ ಕಿಟಕಿಯಲ್ಲಿ ಇಣುಕಿ ನೋಡಿ, ‘ಅಕ್ಕಾ, ಹೋಪ’ ಹೇಳ್ತು.” ಇವಳ ಕಣ್ಣು ತುಂಬಿತ್ತು. “ಮೂಲೆ ಇದ್ದು ಇದ್ದು ಹೇಳಿ ಎಷ್ಟು ಜನಕ್ಕೆ ಹೇಳ್ದಿ ಆನು.”

ಭಟ್ಕಳಕ್ಕೂ ಹೋಗಿದ್ದಳಂತೆ, ನನ್ನನ್ನು ಕೇಳದೆ. ಸಭೆಯಲ್ಲಿ ನಿಂತು, ತಾನು ಹೇಳಿದ್ದು ತಪ್ಪು ಎಂದಳಂತೆ.

“ಜನ ನಗಾಡಿದ್ವ?”

“ಇಲ್ಲೆ. ಎಲ್ಲರೂ ಸುಮ್ಮಂಗೆ ಕೇಳಿದ್ದ.”

ತಪ್ಪು ಎಂದರೂ ಕೇಳುತ್ತಾರೆ! ನಾನು ಸರಿ ಎಂದು ಗಂಟಲು ಹರಿದುಕೊಂಡರೆ ಕೆಮ್ಮುತ್ತಾರೆ. ಪತ್ರಿಕೆ ಮಡಚಿ ಪೆಟ್ಟಿಗೆಗೆ ಹಾಕಿದೆ. ಅವಳು ಬಿಸಾಡಿದ ಮಾತನ್ನು ಹೆಕ್ಕಿಕೊಂಡು ಹೋಗಿ ಮೆರೆದು ಬಂದಿದ್ದೇನೆ. ಆ ಕೋಣೆಯ ಬೀಗ ನಾನು ನೋಡಿಲ್ಲ. ನೋಡಬೇಕೆಂದು ಹೊಳೆದೂ ಇರಲಿಲ್ಲ.

೮-೪-೪೭

ಕಚೇರಿ. ಬರೆಯುವಂಥದ್ದೇನೂ ಇಲ್ಲ.

೯-೬-೪೭, ಸೋಮವಾರ

ಎರಡು ತಿಂಗಳು ಈ ಪುಸ್ತಕ ಮುಟ್ಟಿರಲಿಲ್ಲ. ಕಾಯ್ದೆ ಆಯಿತು. ದೇಶವೂ ಎರಡಾಗುವುದು ನಿಶ್ಚಯವಾಯಿತು. ನಾನು ಬೇಡವೆಂದದ್ದೆಲ್ಲ ಆಗುತ್ತಿದೆ.

ಬೆಳಿಗ್ಗೆ ತಿಂಡಿ ಬಡಿಸುತ್ತ ಇವಳು ಹೇಳಿದಳು — “ಗಂಗೆ ಬಂದು ಕೂತಿದ್ದು. ಅಣ್ಣನೂ ಬೈಂದ. ಹೊಸ ಕಾಯ್ದೆಲಿ ಅರ್ಜಿ ಹಾಕವಡ.”

“ಯಾರ ಹತ್ರ?”

“ಅದಕ್ಕೇ ಕೇಳ್ತಾ ಇದ್ದಿ. ನಿಂಗ ಮಾಡ್ತ್ರ, ರಮಾನಂದಂಗೆ ಹೇಳವ?”

ಸುಮ್ಮನೆ ಕೇಳಿದಳು. ಮೊನಚಿರಲಿಲ್ಲ. ಉಪ್ಪಿನಕಾಯಿ ಬೇಕೋ ಬೇಡವೋ ಎಂದು ಕೇಳುವ ಹಾಗೆ.

ರಮಾನಂದ! ಹೊಸ ಕಾಯ್ದೆಯ ಮೊದಲ ಅರ್ಜಿ ಅವನ ಕೈಯಲ್ಲಿ. ಪತ್ರಿಕೆಯಲ್ಲಿ ಅವನ ಹೆಸರು, ಪಕ್ಕದಲ್ಲಿ ಇವಳ ಹೆಸರು. ನಾನು ಎಲ್ಲಿ? ಹೊಟ್ಟೆ ಉರಿಯಿತು. ಅಷ್ಟೇ ಅಲ್ಲ, ಆ ಹುಡುಗ ಅರ್ಜಿ ಬರೆಯುವುದು ಗೊತ್ತಿದೆ ನನಗೆ — ತಾರೀಖು ತಪ್ಪಿಸುತ್ತಾನೆ, ಸಾಕ್ಷಿ ಗಟ್ಟಿ ಮಾಡಿಕೊಳ್ಳುವುದಿಲ್ಲ. ಮಿರ್ಜಾನದವರು ಗೆದ್ದುಬಿಡುತ್ತಾರೆ.

ಆದರೆ ಬೊಂಬಾಯಿಯಲ್ಲಿ ಮೇಜು ಕುಟ್ಟಿಸಿಕೊಂಡು ಬಂದವನು ಇದೇ ಕಾಯ್ದೆ ಹಿಡಿದು ಕೋರ್ಟಿನಲ್ಲಿ ನಿಲ್ಲುವುದೆ? ಕುಮಟೆಯಿಂದ ಭಟ್ಕಳದವರೆಗೆ ನಗುತ್ತಾರೆ. ಮುಂದಿನ ಚುನಾವಣೆಯ ಮಾತು ಬೇಡವೇ ಬೇಡ.

ಈ ಮೇಜಿನಿಂದ ಜಗುಲಿ ಕಾಣುತ್ತದೆ. ಹುಡುಗಿ ಜಗುಲಿಗೇ ಬಂದಿದ್ದಾಳೆ, ಹಿತ್ತಿಲಿಗಲ್ಲ. ಬೆಂಚಿನ ತುದಿಯಲ್ಲಿ, ಬೀಳುವ ಹಾಗೆ ಕೂತಿದ್ದಾಳೆ. ಇವಳು ಅವಳ ಪಕ್ಕ ನಿಂತಿದ್ದಾಳೆ. ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದಾರೆ, ನನ್ನ ಬಾಗಿಲ ಕಡೆ.

ಕೋಟು ಹಾಕಿಕೊಂಡೆ. ಹೋಗಿ ಹೇಳುವುದಿಷ್ಟೇ — ಮಗಾ, ಸರಿಯಾಗಿ ಕೂತ್ಕ, ಮೊದಲಿಂದ ಹೇಳು. ಅರ್ಜಿ ಆನೇ ಬರೀತಿ.