ಎರಡು ಕೋವಿ, ಒಂದೇ ನಂಬರು

ಅಪ್ಪಾ,

ನಿನಗೆ ಕಾಗದ ಬರೆಯಬಾರದು ಅಂತಲೇ ಇದ್ದೆ. ನಿನ್ನ ವರ್ಷದ ತಿಥಿ ಮುಗಿದರೂ ಸಿಟ್ಟು ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನೀನು ತಾತನ ಕೋವಿ ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡಿದ್ದೆ. ಎಳನೀರು ಕಿತ್ತು ಬಿಸಾಡುವ ಕೋತಿಗಳನ್ನು ಓಡಿಸಲು ಗಾಳಿಗೆ ಹಾರಿಸುತ್ತಿದ್ದ ಕೋವಿ. ಹನ್ನೆರಡು ಬೋರಿನ ನಳಿಗೆ ಹದಿನಾರು ಬೋರಿನದಕ್ಕಿಂತ ದೊಡ್ಡದು ಹೇಗೆ ಅಂತ ನಾನು ಕೇಳಿದೆ. ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಳತೆಗೆ ಹನ್ನೆರಡು ಗುಂಡು ಬಂದರೆ ಹನ್ನೆರಡು ಬೋರು, ಹದಿನಾರು ಬರಬೇಕಾದರೆ ಗುಂಡು ಚಿಕ್ಕದಾಗಬೇಕಲ್ಲ ಅಂತ ವಿವರಿಸಿದೆ ನೀನು. ಮಾಡೆಲ್ ನಂಬರಿಗೆ ಮಾತ್ರ ಅಂಥ ಕಟ್ಟುಪಾಡೇ ಇಲ್ಲ, ಒಂದು ಕಂಪನಿ ಇಸವಿ ಹಾಕುತ್ತದೆ, ಇನ್ನೊಂದು ಅಳತೆ, ಮತ್ತೊಂದು ಬಾಯಿಗೆ ಬಂದದ್ದು ಅಂತ ನಕ್ಕಿದ್ದೆ. "ಮಾಡೆಲ್ ಅಂದ್ರೆ ಮನೆತನ ಕಣವ್ವ. ಸೀರಿಯಲ್ ನಂಬ್ರೇ ಹೆಸ್ರು. ಅದುನ್ನ ಮರೀಬ್ಯಾಡ" ಅಂದೆ. ಮರೆಯಲಿಲ್ಲ. ನಳಿಗೆಯ ಅಡಿಯಲ್ಲಿದ್ದ 4417 ನನಗೆ ಮಗ್ಗಿಯಷ್ಟೇ ಬಾಯಿಪಾಠ.

ಪ್ರತಿ ಎಲೆಕ್ಷನ್ನಿಗೂ ಕೋವಿಯನ್ನು ಠಾಣೆಗೆ ಒಪ್ಪಿಸಲು ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆವು. ಸಂಪಿಗೆಯಿಂದ ಚಿಕ್ಕಪ್ಪನೂ ಅದೇ ಮಾಡೆಲ್ಲಿನ ಕೋವಿ ತರುತ್ತಿದ್ದ. ಹಳೇ ಕಾಲದ ಯಾರೋ ಗುಮಾಸ್ತ ಎರಡೂ ಲೈಸೆನ್ಸಿನಲ್ಲಿ ಸೀರಿಯಲ್ ನಂಬರಿನ ಜಾಗಕ್ಕೆ ಮಾಡೆಲ್ ನಂಬರನ್ನೇ ಬರೆದಿದ್ದ. ಎರಡು ಕೋವಿಗೂ ಕಾಗದದಲ್ಲಿ ಒಂದೇ ನಂಬರು. ನಾವಿಬ್ಬರೂ ಅದನ್ನು ಹೇಳಿಕೊಂಡು ಎಷ್ಟು ನಗುತ್ತಿದ್ದೆವು... ಹಾಗೆ ನಗುತ್ತಲೇ, ತಾತನ ಕೋವಿ ನನಗೇ ಅಂತ ಮಾತು ಕೊಟ್ಟವನು ನೀನೇ ಅಲ್ಲವಾ?

ಹೋದ ತಿಂಗಳು ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಹೋದೆ. ಇನ್ಸ್‌ಪೆಕ್ಟರು ಕೋವಿ ತಿರುಗಿಸಿ ನಂಬರು ಓದಿದರು. 6092. ಇನ್ನೊಮ್ಮೆ ಓದಿ ಅಂದೆ. ಆಮೇಲೆ ನಾನೇ ಈಸಿಕೊಂಡು, ಸೆರಗಿನಲ್ಲಿ ಒರೆಸಿ ನೋಡಿದೆ. 4417 ಅಲ್ಲ, 6092 ಅಂತಲೇ ಇತ್ತು.

ಅಲ್ಲಿಂದ ನೇರ ಸಂಪಿಗೆಗೆ, ಈಗ ಚಿಕ್ಕಪ್ಪನ ಕೋವಿ ಇಟ್ಟುಕೊಂಡಿರುವ ಅವನ ಮಗ ರುದ್ರೇಶನ ಮನೆಗೆ ಹೋದೆ. ಪಾಪ, ಅವನು ಸುಳ್ಳು ಹೇಳಲಿಲ್ಲ. ಹಿಂದಿನ ಎಲೆಕ್ಷನ್ ಮುಗಿದು ಕೋವಿ ವಾಪಸ್ ತರುವಾಗ ನೀನೂ ಅವನೂ ದಾರಿಯಲ್ಲೇ ಬದಲಾಯಿಸಿಕೊಂಡಿರಂತೆ. ಅಕ್ಕನಿಗೆ ಗೊತ್ತಾದರೆ ಅಂತ ಅವನು ಹಿಂಜರಿದನಂತೆ. ನೀನು ಹೇಳಿದ್ದನ್ನು ತಲೆ ಎತ್ತದೇ ಹೇಳಿದ: "ತಾತುನ್ ಕೋವಿ ಗಂಡುಮಕ್ಳ ಮನೇಲಿರ್ಲಿ ಕಣ್ಲಾ. ಅವಳಿಗೇನ್ ತಿಳೀತದೆ ಬುಡು, ಎಲ್ಡೂ ಒಂದೇ ತರ ಅವೆ."

ನನಗೇನು ತಿಳಿಯುತ್ತದೆ? ಕಲಿಸಿದವನು ಯಾರಪ್ಪಾ? ಕೋವಿ ಹೋದರೆ ಹೋಗಲಿ, ಕರೆದು ಕೂರಿಸಿ ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನೀನು ಹಾಸಿಗೆ ಹಿಡಿದ ಮೇಲೆ ತೋಟಕ್ಕೆ ನೀರು ಕಟ್ಟಿದವಳು ನಾನು. ಆಗಲೂ ಬೀರುವಿನಲ್ಲಿದ್ದ ಆ ಬದಲಿ ಕೋವಿ ತೋರಿಸಿ, ಜೋಪಾನ ಅಂತ ನನ್ನ ಕೈ ಹಿಡಿದೆಯಲ್ಲ. ಅದು ಹೇಗೆ ಸಾಧ್ಯವಾಯಿತು ನಿನಗೆ...

ಕಾಗದದಲ್ಲಿ ಹೇಗಿದ್ದರೂ ಒಂದೇ ನಂಬರು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ರುದ್ರೇಶ ಕೈ ಮುಗಿದ. ನಾನು ಸುಮ್ಮನಿರಲಿಲ್ಲ. ಎರಡು ನಂಬರನ್ನೂ ಬರೆದು ಅರ್ಜಿ ಕೊಟ್ಟೆ. ಈಗ ಎರಡು ಕೋವಿಯೂ ಠಾಣೆಯಲ್ಲಿವೆ, ತೀರ್ಮಾನವಾಗುವವರೆಗೆ ಅವನಿಗೂ ಇಲ್ಲ, ನನಗೂ ಇಲ್ಲ. ಹೇಳಿಕೆ ಬರೆದುಕೊಳ್ಳುವಾಗ, ಗೊತ್ತಿದ್ದೂ ಬದಲಾಯಿಸಿದವರು ಯಾರು ಅಂತ ಕೇಳಿದರು.

ನಮ್ಮಪ್ಪ ಅಂದೆ. ಸಹಿ ಹಾಕಿದೆ.

ಗಿರಿಜ