ಬೆಸುಗೆಯಿಲ್ಲದ ಉಂಡೆ

ಜೂನ್ 2
ಬರೆಯಬೇಕಂತೆ. ಕಣ್ಣು ಕಾಣದೆ ಬಂದವನ ಕೈಗೆ ಪೆನ್ನು ಕೊಡುವ ಆಸ್ಪತ್ರೆ ಇದೊಂದೇ ಇರಬೇಕು. ಹೊಸ ಡ್ರಾಪ್ಸ್ ಪರೀಕ್ಷೆಗೆ ಒಪ್ಪಿದ ತಪ್ಪಿಗೆ ಈ ಶಿಕ್ಷೆ. "ಯಾರೂ ಓದಲ್ಲ ಅಜ್ಜ, ನಿಮ್ಮ ನೆನಪಿಗೆ ಅಷ್ಟೆ" ಅಂದಳು ನರ್ಸ್. ಓದದಿದ್ದರೆ ಯಾಕೆ ಬರೆಯಬೇಕು? ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು ನಾನು. ಕಿಡಿ ನೋಡಿ ನೋಡಿ ಈಗ ಎಲ್ಲ ಮಂಜು.

ಮನೆಯಲ್ಲಿ ಒಬ್ಬನೇ. ನನ್ನ ಹೆಂಡತಿ, ಮಗಳ ಹೆರಿಗೆಗೆ ಹೋದವಳು, ಹೋದ ತಿಂಗಳು ಫೋನ್ ಮಾಡಿದ್ದಳು. "ಬರ್ಲಾ?" "ನೀನಿಲ್ದೆ ಇಲ್ಲೇನೂ ನಿಂತಿಲ್ಲ" ಅಂದೆ. ಬಾಯಿಗೆ ಬಂದದ್ದು. "ಸರಿ ಬಿಡಿ" ಅಂದಳು. ಆಮೇಲೆ ಫೋನಿಲ್ಲ. ನಾನ್ಯಾಕೆ ಮಾಡಲಿ?

ಜೂನ್ 9
ಮಂಜು ಹಾಗೇ ಇದೆ. ಡ್ರಾಪ್ಸ್ ತಯಾರಿಸಿದ ಲ್ಯಾಬ್ ಮೇಡಂ ಬಂದು ಕೆದಕಿ ಕೆದಕಿ ಕೇಳಿದರು. ಹಾಕಿದ ಮೇಲೆ ಉಪ್ಪುನೀರಲ್ಲಿ ಕಣ್ಣು ತೊಳೆಯುತ್ತೇನೆ ಅಂದೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಮಾಡುವುದೇ. ತಲೆ ಮೇಲೆ ಕೈ ಹೊತ್ತರು.

"ನನ್ನ ಉಂಡೆಗಳನ್ನೆಲ್ಲ ಬಿಚ್ಚಿಬಿಟ್ರಲ್ಲ ಅಜ್ಜ."

ಡ್ರಾಪ್ಸ್‌ನಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಂತೆ. ಒಂದು ಜಾತಿಗೆ ಪ್ಲಸ್ ಚಾರ್ಜು, ಇನ್ನೊಂದಕ್ಕೆ ಮೈನಸ್. ನೀರಿಗೆ ಬಿಟ್ಟರೆ ತಾವೇ ಒಂದನ್ನೊಂದು ಹುಡುಕಿಕೊಂಡು ಹೋಗಿ, ಸುತ್ತಿಕೊಂಡು ಉಂಡೆಯಾಗುತ್ತವೆ. ಮದ್ದು ಆ ಉಂಡೆಯ ಹೊಟ್ಟೆಯಲ್ಲಿ. ಉಪ್ಪು ಜಾಸ್ತಿಯಾದರೆ ನಡುವೆ ತೂರಿ ಹಿಡಿತ ಬಿಡಿಸುತ್ತದೆ.

"ಬೆಂಕಿ ಇಲ್ದೆ, ರಾಡ್ ಇಲ್ದೆ ಹೇಗಮ್ಮ ಸೇರುತ್ತೆ? ಯಾರಿಗೆ ಕಿವಿ ಮೇಲೆ ಹೂ ಇಡ್ತೀಯ?"

"ಯಾರೂ ಸೇರಿಸ್ಬೇಕಾಗಿಲ್ಲ ಅಜ್ಜ. ಅಡ್ಡ ಬರದಿದ್ರೆ ಸಾಕು."

"ಕಣ್ಣೀರೂ ಉಪ್ಪೇ ಅಲ್ವಾ?"

"ಅಷ್ಟನ್ನ ತಡ್ಕೊಳ್ಳೋ ಹಾಗೇ ಮಾಡಿರೋದು. ಯಾಕೆ, ಅಳ್ತೀರಾ?"

ಈರುಳ್ಳಿ ಹೆಚ್ಚುತ್ತೇನೆ ಅಂದೆ.

ಜೂನ್ 24
ಉಪ್ಪುನೀರು ಬಿಟ್ಟೆ. ಗೋಡೆಯ ಬಿರುಕು ಕಾಣುತ್ತಿದೆ. ಅಕ್ಷರ ಕಾಣುತ್ತಿದೆ — ನನ್ನದೇ, ಕೋಳಿ ಕೆದಕಿದ ಹಾಗೆ.

ಕನ್ನಡಿಯ ಮುಂದೆ ಇವಳ ಬಾಚಣಿಗೆ. ಹಲ್ಲಿನಲ್ಲಿ ಒಂದು ಕೂದಲು. ಕಿಟಕಿಯ ಬೆಳಕಿಗೆ ಹಿಡಿದೆ. ಬಿಳಿ. ನನಗೆ ಕಾಣುತ್ತಿದ್ದಾಗ ಕಪ್ಪಿತ್ತು. ಯಾವಾಗ ಹೀಗಾಯಿತು? ದಿನಾ ಪಕ್ಕದಲ್ಲೇ ಇದ್ದಳು... ಹೇಳಲಿಲ್ಲ.

ಕೂದಲು ತೆಗೆಯಲಿಲ್ಲ. ಬಾಚಣಿಗೆ ಇದ್ದಲ್ಲೇ ಇಟ್ಟೆ.

ಜೂನ್ 26
ಇವಳಿಗೆ ಮೆಸೇಜು ಬರೆದು ಅಳಿಸಿ, ಬರೆದು ಅಳಿಸಿ ಸಾಕಾಯಿತು. ಕೊನೆಗೆ ಕಳಿಸಿದ್ದು ಇಷ್ಟು:

ಕಣ್ಣು ಕಾಣಿಸ್ತಿದೆ. ನಿನ್ನ ತಲೆ ನೋಡಬೇಕು. ಬರ್ತೀಯೋ ಇಲ್ವೋ, ಮೂವತ್ತನೇ ತಾರೀಖಿನೊಳಗೆ ಹೇಳು.