ನಿಮ್ಮ ಮನೆಯವರು ಕೇಳಿದ್ದು

ಸರ್,

ಇವತ್ತು ಕುಂಟುತ್ತಲೇ ನಿಮ್ಮ ಮನೆಗೆ ಹೋಗಿದ್ದೆ. ತರಬೇತಿ ವಿಮಾನ ಬಿದ್ದಾಗ ನಿಮ್ಮ ಪಕ್ಕದ ಸೀಟಿನಲ್ಲಿದ್ದ ಶಿಷ್ಯೆ ನಾನೇ ಎಂದು ಹೇಳಬೇಕಾಗಲಿಲ್ಲ. ಮೇಡಂಗೆ ನೋಡಿದ ಕೂಡಲೇ ಗೊತ್ತಾಯಿತು.

"ಬಾಮ್ಮ ಒಳಗೆ. ಕಾಲು ಹೇಗಿದೆ?" ಎಂದರು. ನಿಮ್ಮ ಬಿಳಿ ಅಂಗಿಗಳು ಇನ್ನೂ ತಂತಿಯ ಮೇಲೇ ಇದ್ದವು.

"ಕೊನೆಗೆ ಏನಾದ್ರೂ ಅಂದ್ರಾ?"

"ಬಿಡು ಮರಿ, ನಾನು ಹಿಡ್ಕೋತೀನಿ ಅಂದ್ರು," ಎಂದೆ.

ಮೇಡಂ ನಕ್ಕೇಬಿಟ್ಟರು. "ಮದುವೆಯಾದಾಗಿಂದ ಅದೇ ಮಾತು. ಒಂದು ಬಕೆಟ್ ನೀರು ಎತ್ತಿದ್ರೂ ಬಿಡು, ನಾನು ಹಿಡ್ಕೋತೀನಿ. ನಾನೆಲ್ಲಿ ಬಿಡ್ತಿದ್ದೆ!" ಆಮೇಲೆ ಕಣ್ಣೊರೆಸಿಕೊಂಡು, "ನೀನು ಬಿಟ್ಯಲ್ಲಮ್ಮಾ?" ಎಂದು ಕೇಳಿದರು.

ಇಂಜಿನ್ ನಿಂತು ವಿಮಾನದ ಮೂಗು ಕೆಳಗಾದಾಗ ನೀವು ಆ ಮಾತನ್ನು ಒಂದೇ ಸಮನೆ ಕೂಗುತ್ತಿದ್ದಿರಿ. ನನ್ನ ಎರಡೂ ಕೈ ವಿಮಾನ ನಡೆಸುವ ಹಿಡಿಕೆಯನ್ನು ಕಚ್ಚಿಕೊಂಡಿದ್ದವು. ಎದೆಗೆ ಎಳೆದುಕೊಳ್ಳುತ್ತಲೇ ಇದ್ದೆ. ನೆಲ ಹತ್ತಿರ ಬರುವಾಗಲೂ ನೀವು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಿರಿ.

"ಬಿಟ್ಟೆ, ಮೇಡಂ," ಎಂದೆ.

ಅವರು ನನ್ನ ಕೈಗಳನ್ನು ತಮ್ಮ ಮಡಿಲಲ್ಲಿಟ್ಟು ಸವರಿದರು. "ನಿನ್ನ ಕಂಡ್ರೆ ಅವರನ್ನೇ ಕಂಡ ಹಾಗಾಗುತ್ತೆ. ಆಗಾಗ ಬರ್ತಿರು," ಎಂದರು.

ಬರ್ತೀನಿ ಎಂದೆ. ಅದೂ ಸುಳ್ಳೇ, ಸರ್.